ಕೂರೇಶರು ಕೈ ನಿಲ್ಲಿಸಿದ ಜಾಗ

ಬ್ರಹ್ಮಸೂತ್ರಗಳಿಗೆ ರಾಮಾನುಜರು ಬರೆದ ಶ್ರೀಭಾಷ್ಯದ ಕಾಲಕ್ಷೇಪ, ಅಂದರೆ ಗುರುಮುಖದ ಪಾಠ, ಕೇಳುತ್ತಿದ್ದ ಮೇಲುಕೋಟೆಯ ಜಗಲಿಗಳಲ್ಲಿ ಈಗ ಪುಳಿಯೋಗರೆ ಗೊಜ್ಜಿನ ಪೊಟ್ಟಣ ಮಾರುತ್ತಾರೆ. ತಪ್ಪೇನಿಲ್ಲ, ಗೊಜ್ಜೂ ಚೆನ್ನಾಗಿಯೇ ಇರುತ್ತದೆ. ಆದರೆ ಗುರುವಿನ ಎದುರು ಕೂತು, ಸಂದೇಹ ಕೇಳುತ್ತ, ವರ್ಷಗಟ್ಟಲೆ 545 ಸೂತ್ರಗಳನ್ನು ದಾಟುವ ಆ ಓದು ಸವೆದುಹೋಗುತ್ತಿದೆ.

ರಾಮಾನುಜರ ಈ ಗ್ರಂಥ ಹುಟ್ಟಿದ್ದೇ ಅಂಥ ಓದಿನಿಂದ. ಸೂತ್ರಗಳಿಗೆ ಬೋಧಾಯನರು ಬರೆದ ವಿಸ್ತಾರವಾದ ವೃತ್ತಿಯನ್ನು ಪೂರ್ವಾಚಾರ್ಯರು ಸಂಗ್ರಹಿಸಿದ್ದರೆಂದೂ ತಾವು ಅವರ ಮತವನ್ನೇ ಅನುಸರಿಸುವುದಾಗಿಯೂ ಅವರು ಆರಂಭದಲ್ಲೇ ಹೇಳಿಕೊಂಡಿದ್ದಾರೆ. ಆ ವೃತ್ತಿಗಾಗಿ ಶಿಷ್ಯ ಕೂರೇಶರೊಡನೆ ಕಾಶ್ಮೀರದವರೆಗೂ ಹೋದರು, ಕೈಗೆ ಬಂದ ಹಸ್ತಪ್ರತಿಯನ್ನು ಅಲ್ಲಿನವರು ದಾರಿಯಲ್ಲೇ ಕಿತ್ತುಕೊಂಡರು, ಅಷ್ಟರಲ್ಲಿ ಕೂರೇಶರು ರಾತ್ರಿಯೆಲ್ಲ ಓದಿ ಬಾಯಿಪಾಠ ಮಾಡಿದ್ದರು ಎಂದು ಸಂಪ್ರದಾಯದ ಕಥೆ. ಬೋಧಾಯನರ ವೃತ್ತಿ ಇವತ್ತಿಗೂ ಸಿಕ್ಕಿಲ್ಲ.

ಮುಂದೆ ರಾಮಾನುಜರು ಹೇಳುತ್ತ ಹೋದರು, ಕೂರೇಶರು ಬರೆದರು. ಒಪ್ಪಿಗೆಯಾಗದಿದ್ದರೆ ಕೈ ನಿಲ್ಲಿಸಬೇಕೆಂದು ಮೊದಲೇ ಮಾತಾಗಿತ್ತು. ಜೀವಾತ್ಮನ ಸ್ವರೂಪ ಹೇಳುವಲ್ಲಿ, ಜೀವ ಭಗವಂತನಿಗೆ ಸೇರಿದವನೆಂಬ ಮಾತು ಬಿಟ್ಟುಹೋಯಿತೆಂದು ಕೂರೇಶರು ಓಲೆ ಗೀರುವ ಕಂಠ ಕೆಳಗಿಟ್ಟರು. ಆಚಾರ್ಯರು ಸಿಟ್ಟಿನಿಂದ ಒದ್ದರು. ಆಮೇಲೆ ಯೋಚಿಸಿ ತಿದ್ದಿ ಹೇಳಿದರು. ಆಚಾರ್ಯರ ಸಿಟ್ಟನ್ನೂ ಮುಚ್ಚಿಡದ ಈ ಕಥೆ ನನಗೆ ತುಂಬ ಇಷ್ಟ.

ಶ್ರುತಪ್ರಕಾಶಿಕೆಯೂ ಹಾಗೆಯೇ ಬಂದದ್ದು: ನಡಾದೂರು ಅಮ್ಮಾಳರ ಪಾಠ ಕೇಳಿ ಸುದರ್ಶನಸೂರಿಗಳು ಶ್ರೀಭಾಷ್ಯಕ್ಕೆ ಬರೆದ ವ್ಯಾಖ್ಯಾನ. ಹದಿನಾಲ್ಕನೇ ಶತಮಾನದಲ್ಲಿ ಶ್ರೀರಂಗದ ಮೇಲೆ ದಾಳಿಯಾದಾಗ ಆ ವ್ಯಾಖ್ಯಾನದ ಓಲೆಗಳನ್ನು ಉಳಿಸಿಕೊಂಡು ವೇದಾಂತದೇಶಿಕರು ಕೊಳ್ಳೇಗಾಲದ ಕಡೆಯ ಸತ್ಯಾಗಾಲಕ್ಕೆ, ಮೇಲುಕೋಟೆಗೆ ಬಂದರಂತೆ.

ಓಲೆ ಓದುವುದೂ ಸುಲಭವಲ್ಲ. ಕಂಠದಿಂದ ಗೀರಿದ ಗ್ರಂಥಲಿಪಿ ಬರಿಗಣ್ಣಿಗೆ ಬರೀ ಗೀಚಿನ ಹಾಗೆ ಕಾಣುತ್ತದೆ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ, ಗೀರಿನೊಳಗೆ ಮಸಿ ನಿಂತು ಅಕ್ಷರ ಮೇಲೇಳುತ್ತದೆ. ಪದಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಎಲ್ಲಿ ಒಡೆಯಬೇಕೆಂದು ಬಲ್ಲವನಿಗೆ ಮಾತ್ರ ಅರ್ಥ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಅಟ್ಟಗಳಲ್ಲಿ ಇಂಥ ಕಟ್ಟುಗಳಿಗೆ ಹುಳು ಹಿಡಿದರೆ, ಅಪಚಾರವಾಗಬಾರದೆಂದು ಹೊಳೆಗೆ ಬಿಡುತ್ತಿದ್ದರು. ಭಕ್ತಿಯಿಂದಲೇ ಎಷ್ಟು ಗ್ರಂಥ ಮುಳುಗಿದವೋ!

ಉಳಿದವನ್ನು ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತು ಕೂಡಿಟ್ಟಿದೆ, ಅದು ದೊಡ್ಡ ಉಪಕಾರ. ಆದರೆ ಕೂರೇಶರು ಕೈ ನಿಲ್ಲಿಸಿದ ಜಾಗ ಓಲೆಯಲ್ಲಿ ಕಾಣುವುದಿಲ್ಲ. ಅದನ್ನು ಕಾಲಕ್ಷೇಪ ಹೇಳುವವರೇ ತೋರಿಸಬೇಕು, ಕೇಳುವುದಕ್ಕೆ ಎದುರಿಗೆ ನಾಲ್ಕು ಜನ ಬೇಕು. ಹಾಗೆ ಕೂತು ಕೇಳಬೇಕಾದ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ವೈರಮುಡಿ ಉತ್ಸವಕ್ಕೆ ಬಂದು ಮರುದಿನ ಬಸ್ಸು ಹತ್ತುತ್ತಾರೆ.