‘ಯಾಕೆ ಹೋದಳು’ ಅನ್ನೋ ಪ್ರಶ್ನೆ

ಕನ್ನಡದಲ್ಲಿ ಒಂದು ಬೈಗುಳ ಇದೆ. ಇಲ್ಲಿ ಬರೆಯಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಬೈಸಿಕೊಳ್ಳೋನು ಮಗ, ಆದರೆ ಪೆಟ್ಟು ಬೀಳೋದು ತಾಯಿಗೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ವಚನ, ರಗಳೆ ಗೊತ್ತಿಲ್ಲದಿದ್ದರೂ ಈ ಪದ ಮಾತ್ರ ಬೇಗ ಕಿವಿಗೆ ಬೀಳುತ್ತೆ. ಆದರೆ ಆ ಪದದೊಳಗೆ ಇರುವ ಹೆಂಗಸು ಯಾರು, ಅವಳು ಅಲ್ಲಿಗೆ ಹೇಗೆ ಬಂದಳು ಅನ್ನೋದನ್ನ ಯಾವ ಮೀಡಿಯಂನಲ್ಲೂ ಹೇಳಿಕೊಡಲ್ಲ.

ಈ ಸೆಮಿಸ್ಟರ್ ನಾವು ನಾಲ್ಕು ಜನ ಸೆಮಿನಾರ್‌ಗೆ ಇದೇ ವಿಷಯ ತಗೊಂಡ್ವಿ: ಹೆಂಗಸರು ಲೈಂಗಿಕ ವೃತ್ತಿಗೆ ಬರುವ ಕಾರಣಗಳು. ಟಾಪಿಕ್ ಹೇಳಿದ ದಿನ ಕ್ಲಾಸಿನಲ್ಲಿ ಸ್ವಲ್ಪ ನಗು ಎದ್ದಿತು. ಹಿಂದಿನ ಬೆಂಚಿಂದ "ಈಸಿ ಮನಿ, ಇನ್ನೇನು ಕಾರಣ" ಅಂತ ಒಂದು ಮಾತೂ ಬಂತು. ಸರಿ, ಆ ಮಾತು ನಿಜವಾ ಅಂತ ನೋಡೋದೇ ನಮ್ಮ ಕೆಲಸ ಆಯ್ತು.

ಹುಡುಕೋಕೆ ದೂರ ಹೋಗಬೇಕಾಗಿರಲಿಲ್ಲ. ನಮ್ಮಲ್ಲೊಬ್ಬ ಬೆಳಗಾವಿ ಕಡೆಯವನು. ತಾಯಿಗೆ ಫೋನ್ ಹಚ್ಚಿ, ಸ್ಪೀಕರ್‌ಗೆ ಹಾಕಿ ಕೇಳಿದ: "ಯವ್ವಾ, ಮುತ್ತು ಕಟ್ಟೂದಂದ್ರ ಏನ ಬೇ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮನ್ಯಾಗ ಗಂಡಮಗಾ ಇಲ್ಲಂದ್ರ, ಇಲ್ಲಾ ಹುಡುಗಿ ತಲ್ಯಾಗ ಜಡಿ ಬಂತಂದ್ರ, ಎಲ್ಲವ್ವನ ಹೆಸರಿಲೆ ಮುತ್ತ ಕಟ್ಟತಿದ್ರಪಾ. ಆಮ್ಯಾಲ ಆಕಿಗೆ ಲಗ್ನ ಇಲ್ಲ. ಮನಿತನ ನಡಸೂದೆಲ್ಲಾ ಆಕೀನ."

ಕೊನೆಯ ಆ ಒಂದು ವಾಕ್ಯದಲ್ಲಿ ಇಡೀ ಲೆಕ್ಕ ಇದೆ. ಮದುವೆಯಾದ ಮಗಳು ಗಂಡನ ಮನೆಗೆ ಹೋಗ್ತಾಳೆ. ಮುತ್ತು ಕಟ್ಟಿಸಿಕೊಂಡ ಮಗಳು ತವರಲ್ಲೇ ಉಳೀತಾಳೆ. ಮಗನ ಜಾಗದಲ್ಲಿ ನಿಂತು ವಯಸ್ಸಾದ ಅಪ್ಪ ಅವ್ವನ್ನ ಸಾಕ್ತಾಳೆ, ವರದಕ್ಷಿಣೆಯ ಸಾಲವೂ ಇಲ್ಲ. ದೇವದಾಸಿಯರಾದವರಲ್ಲಿ ಬಹುಪಾಲು ದಲಿತ ಕುಟುಂಬದವರು, ಸ್ವಂತ ಹೊಲ ಇಲ್ಲದವರು. ಹೊಲ ಇಲ್ಲ, ಓದು ಇಲ್ಲ, ಆದರೂ ಮನೆ ನಡೆಸು ಅಂದರೆ ಹುಡುಗಿ ಏನು ಮಾಡಬೇಕು? ಕೆಲವರು ಊರಲ್ಲೇ ಯಾರದೋ ಆಸರೆಯಲ್ಲಿ ಉಳಿದರು, ಕೆಲವರು ಕೂಲಿಗೆ ಹೋದರು. ಮಳೆ ಕೈಕೊಟ್ಟ ವರ್ಷ ಹಲವರು ಸಾಂಗ್ಲಿಗೆ, ಮುಂಬೈನ ಕಾಮಾಠಿಪುರಕ್ಕೆ ಹೋದರು. ಅಲ್ಲಿ ಮೊದಲೇ ಹೋಗಿದ್ದ ಚಿಕ್ಕವ್ವನೋ ಪಕ್ಕದ ಮನೆಯವಳೋ ಇದ್ದಳು. ಸೀನಿಯರ್ ಇರೋ ಕಂಪನಿಗೆ ನಾವು ರೆಸ್ಯೂಮೆ ಕಳಿಸೋ ಹಾಗೆಯೇ, ಜನ ಗುರುತಿರೋ ಕಡೆಗೇ ಹೋಗ್ತಾರೆ.

ಇದನ್ನ ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲೇ ತಂದಿತು. 2007-08ರ ಸಮೀಕ್ಷೆಯ ಹೊತ್ತಿಗೆ ಸರ್ಕಾರದ ಪಟ್ಟಿಯಲ್ಲಿದ್ದ ದೇವದಾಸಿಯರು 46,660. ಕಾನೂನು ಮುತ್ತು ಕಟ್ಟಬೇಡಿ ಅಂತು, ಸರಿಯಾಗೇ ಅಂತು. ಆದರೆ ಮುತ್ತು ಕಟ್ಟಿಸಿದ ಬಡತನ ಕಾನೂನು ಓದಲ್ಲ.

ದೇವದಾಸಿ ಪದ್ಧತಿ ಒಂದು ದಾರಿ ಅಷ್ಟೇ. ಲೈಂಗಿಕ ವೃತ್ತಿಯಲ್ಲಿರುವ ಹೆಚ್ಚಿನವರಿಗೆ ಯಾವ ದೇವರ ಹೆಸರೂ ಬೇಕಾಗಿಲ್ಲ. ರೋಹಿಣಿ ಸಾಹ್ನಿ ಮತ್ತು ವಿ. ಕಲ್ಯಾಣ್ ಶಂಕರ್ ಅನ್ನೋ ಇಬ್ಬರು ಅರ್ಥಶಾಸ್ತ್ರದ ಅಧ್ಯಾಪಕರು ದೇಶದ 14 ರಾಜ್ಯಗಳಲ್ಲಿ ಸುಮಾರು 3,000 ಲೈಂಗಿಕ ವೃತ್ತಿ ಮಹಿಳೆಯರ ಸಮೀಕ್ಷೆ ಮಾಡಿದ್ದಾರೆ. ಅದರಲ್ಲಿ ನಮ್ಮನ್ನ ನಿಲ್ಲಿಸಿದ ವಿಷಯ ಒಂದು: ಇವರಲ್ಲಿ ದೊಡ್ಡ ಪಾಲು ಹೆಂಗಸರು ಮೊದಲು ಬೇರೆ ಕೆಲಸ ಮಾಡಿದ್ದವರೇ. ಮನೆಗೆಲಸ, ಗಾರೆ ಕೆಲಸ, ಹೊಲದ ಕೂಲಿ. ಅಂದರೆ ಕಷ್ಟದ ಕೆಲಸ ಬೇಡ ಅಂತ ಬಂದವರಲ್ಲ, ಕಷ್ಟದ ಕೆಲಸ ಮಾಡಿ ನೋಡಿಯೇ ಬಂದವರು.

ನಾವು ಕುಳಿತು ಒಂದು ಲೆಕ್ಕ ಹಾಕಿದ್ವಿ. ಇದು ಬರೀ ಊಹೆಯ ಲೆಕ್ಕ, ಯಾರ ಕಥೆಯೂ ಅಲ್ಲ. ಗಂಡ ತೀರಿಹೋದ ಅಥವಾ ಬಿಟ್ಟುಹೋದ ಹೆಂಗಸು, ಇಬ್ಬರು ಮಕ್ಕಳು. ನಾಲ್ಕು ಮನೆ ಪಾತ್ರೆ, ಬಟ್ಟೆ, ಕಸ. ಒಂದು ಮನೆಗೆ 3,000 ಅಂದರೂ ತಿಂಗಳಿಗೆ 12,000. ಶೀಟ್ ಮನೆ ಬಾಡಿಗೆ 5,000. ಗಂಡನ ಆಸ್ಪತ್ರೆಗೆ ಅಂತ ಮಾಡಿದ ಸಾಲ 50,000, ಕೈಬಡ್ಡಿ ನೂರಕ್ಕೆ ಐದು. ಬಡ್ಡಿಗೇ ತಿಂಗಳಿಗೆ 2,500 ಹೋಯ್ತು, ಅಸಲು ಹಾಗೇ ಇದೆ. ಉಳಿದ 4,500ರಲ್ಲಿ ಮೂರು ಹೊಟ್ಟೆ, ಸ್ಕೂಲು, ಗ್ಯಾಸು, ಬಸ್ಸು. ಈಗ ಒಂದು ಮಗುವಿಗೆ ಡೆಂಗ್ಯೂ ಬಂತು ಅಂದುಕೊಳ್ಳಿ. ಎಕ್ಸೆಲ್ ಶೀಟ್‌ನಲ್ಲಿ ಯಾವ ಸೆಲ್ ಬದಲಾಯಿಸಿದರೂ ಕೊನೆಯ ಸಾಲು ಮೈನಸ್ಸೇ. ಅಂಥ ತಿಂಗಳಲ್ಲಿ ಪರಿಚಯದವಳೊಬ್ಬಳು ಬಂದು "ನಂಗೊತ್ತಿರೋ ಒಂದು ಕೆಲಸ ಇದೆ ಕಣೇ" ಅಂದರೆ? ಈಸಿ ಮನಿ ಅನ್ನೋ ಮಾತು ಈ ಶೀಟ್ ಮುಂದೆ ನಿಲ್ಲಲ್ಲ.

ಹಾಗಾದರೆ ಇದು ಅವಳ ಆಯ್ಕೆಯಾ, ಬಲವಂತವಾ? ಸೆಮಿನಾರ್ ತಯಾರಿಯಲ್ಲಿ ನಾವು ಹೆಚ್ಚು ಜಗಳ ಆಡಿದ್ದು ಇದರ ಮೇಲೆ. ಕೆಲಸ ಕೊಡಿಸ್ತೀವಿ, ಮದುವೆ ಆಗ್ತೀನಿ ಅಂತ ನಂಬಿಸಿ ಮಾರಿದವರು ಇದ್ದಾರೆ. ಅದು ಮಾನವ ಸಾಗಣೆ, ಘೋರ ಅಪರಾಧ. 18 ತುಂಬದ ಹುಡುಗಿಯ ವಿಷಯದಲ್ಲಿ ಆಯ್ಕೆ ಅನ್ನೋ ಮಾತೇ ಬರಲ್ಲ. "ನಾನೇ ಬಂದೆ, ನನ್ನ ಮಕ್ಕಳನ್ನ ನಾನೇ ಸಾಕಿದೆ, ನನ್ನ ಮೇಲೆ ಕರುಣೆ ಬೇಡ" ಅನ್ನುವ ಹೆಂಗಸರೂ ಇದ್ದಾರೆ. ಅವರ ಮಾತನ್ನ ಸುಳ್ಳು ಅನ್ನೋಕೆ ನಾವ್ಯಾರು? ನಮಗೆ ಹೊಳೆದದ್ದು ಸಿಇಟಿ ಆಪ್ಷನ್ ಎಂಟ್ರಿ. ಹೆಸರಿಗೆ ಎಲ್ಲಾ ಕಾಲೇಜೂ ಲಿಸ್ಟ್‌ನಲ್ಲಿರುತ್ತೆ, ಸಿಗೋದು ರ‍್ಯಾಂಕ್ ಬಿಟ್ಟಷ್ಟು ಮಾತ್ರ. ಹೊಲ, ಓದು, ಜಾತಿ, ಗಂಡ, ಸಾಲ ಎಲ್ಲ ಸೇರಿ ಕೆಲವರ ಲಿಸ್ಟ್‌ನಲ್ಲಿ ಎರಡೋ ಮೂರೋ ಸಾಲು ಉಳಿಸಿರುತ್ತೆ. ಅದರಲ್ಲಿ ಒಂದನ್ನ ಅವಳು ಆರಿಸ್ತಾಳೆ. ಆರಿಸಿದ್ದು ಅವಳೇ, ನಿಜ. ಆದರೆ ಲಿಸ್ಟ್ ಮಾಡಿದ್ದು ಅವಳಲ್ಲ.

ಬಂದ ಮೇಲೆ ವಾಪಸ್ ಹೋಗೋದು ಇನ್ನೂ ಕಷ್ಟ. ಗೊತ್ತಾದರೆ ಬಾಡಿಗೆ ಮನೆ ಹೋಗುತ್ತೆ, ಮನೆಗೆಲಸ ಹೋಗುತ್ತೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇವರಿಗೂ ಘನತೆಯಿಂದ ಬದುಕುವ ಹಕ್ಕಿದೆ, ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕರಿಗೆ ಪೊಲೀಸರು ಕಿರುಕುಳ ಕೊಡಬಾರದು ಅಂತ ಹೇಳಿತು. ಅದು ದೊಡ್ಡ ಮಾತು. ಆದರೆ 1956ರ ಕಾಯ್ದೆ ಇನ್ನೂ ಇದೆ. ಅದರ ಪ್ರಕಾರ ಈ ಕೆಲಸವೇ ಅಪರಾಧ ಅಲ್ಲ, ಆದರೆ ಅದರ ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ಅಪರಾಧ. ನಾಲ್ಕನೇ ಸೆಕ್ಷನ್ ಓದಿ ನಮ್ಮ ಗುಂಪು ಸ್ವಲ್ಪ ಹೊತ್ತು ಮಾತಾಡಲಿಲ್ಲ. 18 ದಾಟಿದ ಯಾರೇ ಆಗಲಿ, ಗೊತ್ತಿದ್ದೂ ಆ ಸಂಪಾದನೆಯಲ್ಲಿ ಪೂರ್ತಿಯಾಗೋ ಭಾಗಶಃವೋ ಬದುಕಿದರೆ 2 ವರ್ಷದವರೆಗೆ ಜೈಲಾಗಬಹುದು. ತಲೆಹಿಡುಕರನ್ನ ಹಿಡಿಯೋಕೆ ಬರೆದದ್ದು ಇರಬಹುದು. ಆದರೆ ಅದರಲ್ಲಿ ಮಗ, ಮಗಳು ಬಿಟ್ಟು ಅಂತ ಬರೆದಿಲ್ಲ.

ನಮಗೆಲ್ಲ ಈಗ 19. ನಮ್ಮ ಫೀಸು, ಮೆಸ್ ಬಿಲ್ಲು ಮನೆಯಿಂದ ಬರುತ್ತೆ, ಯಾರೂ ಅದು ಎಲ್ಲಿಂದ ಅಂತ ಕೇಳಲ್ಲ. ಈ ರಾಜ್ಯದ ಯಾವುದೋ ಕಾಲೇಜಿನಲ್ಲಿ ನಮ್ಮದೇ ವಯಸ್ಸಿನ ಒಬ್ಬಳು, ಅಮ್ಮ ಕಳಿಸಿದ ದುಡ್ಡಲ್ಲಿ ಎಕ್ಸಾಮ್ ಫೀಸು ಕಟ್ತಿರಬಹುದು. ಅವಳ ಅಮ್ಮ ಮಗಳ ಲಿಸ್ಟ್ ತನ್ನ ಲಿಸ್ಟಿಗಿಂತ ಉದ್ದ ಇರಲಿ ಅಂತಲೇ ದುಡಿದಿರ್ತಾಳೆ. ಅವಳು ಯಾಕೆ ಹೋದಳು ಅಂತ ಇನ್ನು ಕೇಳೋದು ಬೇಡ. ಹೋಗದೇ ಇರೋಕೆ ಅವಳ ಕೈಯಲ್ಲಿ ನಾವೆಲ್ಲ ಏನು ಇಟ್ಟಿದ್ವಿ ಅಂತ ಕೇಳೋಣ.