ಆ ಚೀಲ

ದೇವಾಲಯದ ಒಳಮನೆಗೆ ಗರ್ಭಗುಡಿಯೆಂದು ಹೆಸರಿಟ್ಟ ಜನ ನಾವು. ಹೆಂಗಸಿನ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಕಂಡರೆ ಮಾತ್ರ, “ಮಕ್ಕಳಾದವಲ್ಲ, ಇನ್ನೇಕೆ ಆ ಚೀಲ? ತೆಗೆಸಿಬಿಡಿ” ಎನ್ನುತ್ತೇವೆ.

ಬೇರೆ ದಾರಿಯೂ ಉಂಟು. ಶಸ್ತ್ರಕ್ರಿಯೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಪ್ಯಾರಿಸ್ಸಿನ ವೈದ್ಯ ರವಿನಾ ಮತ್ತು ಸಂಗಡಿಗರು ಗಡ್ಡೆಯ ರಕ್ತನಾಳಗಳನ್ನು ಮೊದಲೇ ಮುಚ್ಚಿಸುತ್ತಿದ್ದರು. ಹಲವರಿಗೆ ಅಷ್ಟರಲ್ಲೇ ಗುಣವಾಗಿ ಶಸ್ತ್ರಕ್ರಿಯೆಯೇ ಬೇಡವಾಯಿತು! 1995ರಲ್ಲಿ ಅದನ್ನು ಪ್ರಕಟಿಸಿದರು. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಗೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ, ನುಣ್ಣನೆಯ ಮರಳಿನಂಥ ಕಣಗಳನ್ನು ಬಿಡುತ್ತಾರೆ. ರಕ್ತ ಸಿಗದ ಗಡ್ಡೆ ಮೆಲ್ಲಮೆಲ್ಲನೆ ಬಾಡುತ್ತದೆ. ಎಲ್ಲರಿಗೂ ಒಗ್ಗುವ ಉಪಾಯವಲ್ಲ. ಮೊದಲ ದಿನದ ನೋವೂ ಸಣ್ಣದಲ್ಲ.

ವೈದ್ಯರು ಎರಡೂ ದಾರಿ ವಿವರಿಸಿ ಯಾವುದೆಂದು ಕೇಳಿದಾಗ ಮನೆಯವರೆಲ್ಲ ಭಾವನ ಮುಖ ನೋಡಿದರು. ಅಕ್ಕ ಕನ್ನಡಕ ಏರಿಸಿಕೊಂಡು, ಒಪ್ಪಿಗೆಯ ಕಾಗದವನ್ನು ತಾನೇ ಓದತೊಡಗಿದಳು.