ಖೊಡಖೊಡಿ ಕಿಟಕಿ

ಮೇ ತಿಂಗಳಲ್ಲಿ ಕೋಲ್ಕತ್ತಕ್ಕೆ ಬರಬೇಡಿ ಎಂದು ಊರಿನ ನೆಂಟರಿಗೆಲ್ಲ ಹೇಳುವುದು ನನ್ನ ವಾಡಿಕೆ. ಬಂದೇ ಬರುತ್ತೇವೆಂದು ಹಟ ಹಿಡಿದವರನ್ನು ಜೋಡಾಸಾಂಕೋದ ಠಾಕೂರಬಾಡಿಗೆ ಕರೆದೊಯ್ಯುತ್ತೇನೆ. ರವೀಂದ್ರನಾಥ ಠಾಕೂರರು ೧೮೬೧ರಲ್ಲಿ ಹುಟ್ಟಿ ೧೯೪೧ರಲ್ಲಿ ಕಣ್ಣು ಮುಚ್ಚಿದ ಮನೆ ಅದು. ಚಿತ್ಪುರ ರಸ್ತೆಯ ಗದ್ದಲದಲ್ಲಿ ಬೆವರು ಸುರಿಸಿಕೊಂಡು ಬಂದವರು ಅಲ್ಲಿಯ ವರಾಂಡದ ನೆರಳಿಗೆ ಬಂದೊಡನೆ "ಅಬ್ಬ, ಇಲ್ಲಿ ಪರವಾಗಿಲ್ಲವಲ್ಲ!" ಎನ್ನುತ್ತಾರೆ.

ಯಾಕೆ ಪರವಾಗಿಲ್ಲ, ಗೊತ್ತೇ? ನಮ್ಮ ತೊಟ್ಟಿಮನೆಯಂತೆ ನಡುವೆ ಅಂಗಳ. ದಪ್ಪ ಗೋಡೆ, ಎತ್ತರದ ಸೂರು. ಎಲ್ಲಕ್ಕಿಂತ ಮಿಗಿಲಾಗಿ ಹಸಿರು ಬಣ್ಣದ ಮರದ ಕಿಟಕಿಗಳು. ಓರೆಯಾಗಿ ಜೋಡಿಸಿದ ಪಟ್ಟಿಗಳ ಈ ಬಾಗಿಲಿಗೆ ಬಂಗಾಳಿಗಳು ಖೊಡಖೊಡಿ ಎನ್ನುತ್ತಾರೆ. ಒಂದು ಕೋಲನ್ನು ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವೆ. ಬಿಸಿಲು ಹೊರಗೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಇಷ್ಟು ವಿಜ್ಞಾನ ಹೇಗೆ ಬಂತು ಎನ್ನುತ್ತೀರಾ? ಪೆಟ್ಟು ತಿಂದು ಬಂದದ್ದು!

ಭವಾನಿಪುರದಲ್ಲಿರುವ ನಮ್ಮದೂ ಹಳೆಯ ಮನೆ. ಕೆಲವು ವರ್ಷಗಳ ಹಿಂದೆ, ಧೂಳು ಒರೆಸಿ ಸಾಕಾಗಿ, ನಾನೇ ಹಟ ಮಾಡಿ ಮುಂದಿನ ಎರಡು ಕೋಣೆಗಳ ಖೊಡಖೊಡಿ ಕೀಳಿಸಿ ಅಲ್ಯೂಮಿನಿಯಂ ಚೌಕಟ್ಟಿನ ಗಾಜು ಹಾಕಿಸಿದೆ. ಏಸಿಯೂ ಬಂತು. "ಒಳ್ಳೆಯ ಮರ, ಎಸೆಯಬೇಡವೇ" ಎಂದು ಅತ್ತೆಯವರು ಬೇಡಿಕೊಂಡರು. ಒಂದು ಜೊತೆ ಮಾತ್ರ ಮಹಡಿಯ ಮೇಲಿಟ್ಟು ಉಳಿದವನ್ನು ಹಳೆ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ಹಿಂದಿನ ಸಣ್ಣ ಕೋಣೆಯ ಕಿಟಕಿ ಹಣ ಸಾಲದೆ ಹಾಗೇ ಉಳಿಯಿತು.

೨೦೨೦ರ ಮೇ ೨೦ರಂದು ಆಂಫಾನ್ ಚಂಡಮಾರುತ ಬಡಿಯಿತು. ನಮ್ಮ ಬೀದಿಯಲ್ಲಿ ಮರಗಳು ಉರುಳಿ ನಾಲ್ಕು ದಿನ ವಿದ್ಯುತ್ ಇಲ್ಲ. ಗಾಳಿ ನಿಂತ ಮೇಲೆ ಸೆಕೆ. ಜಾರುವ ಗಾಜಿನ ಕಿಟಕಿ ಎಷ್ಟು ಎಳೆದರೂ ಅರ್ಧವೇ ತೆರೆಯುವುದು! ಗಾಜು ದಾಟಿ ಒಳಬಂದ ಬಿಸಿಲಿನ ಕಾವು ಪರದೆ ಎಳೆದರೂ ಹೊರಗೆ ಹೋಗದು. ಎರಡನೆಯ ದಿನ ಮಧ್ಯಾಹ್ನ ಎಂಬತ್ತೊಂದರ ಅತ್ತೆಯವರು ಮಂಚದಿಂದ ಏಳಹೋಗಿ ಕುಸಿದರು. ನಮ್ಮವರೂ ನಾನೂ ಅವರನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿದೆವು. ಸಂಜೆಯ ಹೊತ್ತಿಗೆ ಮಜ್ಜಿಗೆ ಕುಡಿದರು. ಆ ನಾಲ್ಕು ರಾತ್ರಿ ಮನೆಮಂದಿಯೆಲ್ಲ ಮಲಗಿದ್ದು ಅಲ್ಲಿಯೇ. ಅತ್ತೆಯವರು ನನಗೆ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆಮೇಲೆ ಓದತೊಡಗಿದೆ. ನಮ್ಮಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ೨೦೦೧ರಲ್ಲೇ ಬಂದಿದೆ. ೨೦೦೭ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ, ೨೦೧೮ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ಹೆಸರಿನಲ್ಲಿ ಮನೆಗಳಿಗೆ ನಿಯಮಾವಳಿ ಆಯಿತು. ಗೋಡೆ, ಸೂರು, ಕಿಟಕಿಗಳಿಂದ ಎಷ್ಟು ಕಾವು ಒಳಬರಬಹುದೆಂಬ ಲೆಕ್ಕ ಅದರಲ್ಲಿದೆ. ಬೆಂಗಳೂರಿನ ಹಿತವಾದ ಹವೆಗೆ ಒಂದು ವಿಭಾಗ, ಕೋಲ್ಕತ್ತದ ಬೆವರಿಗೆ ಇನ್ನೊಂದು. ಆದರೆ ಇವೆಲ್ಲ ಮುಖ್ಯವಾಗಿ ಹೊಸದಾಗಿ ಕಟ್ಟುವವರಿಗೆ. ಈಗಾಗಲೇ ಇರುವ ಕಚೇರಿ ಕಟ್ಟಡಗಳಿಗೆ, ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಸುಟ್ಟಿರೆಂದು ಎಣಿಸಿ ನಕ್ಷತ್ರ ಕೊಡುವ ಪದ್ಧತಿ ೨೦೦೯ರಿಂದ ಇದೆ, ಬೇಕಾದವರಿಗೆ ಮಾತ್ರ. ಫ್ರಿಜ್ಜಿಗೆ ನಕ್ಷತ್ರ, ೨೦೨೩ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯ ನಕ್ಷತ್ರ. ನಮ್ಮಂಥ ಹಳೆಯ ಮನೆಯ ಖೊಡಖೊಡಿ ಕಿತ್ತು ಗಾಜು ಹಾಕುವಾಗ ಮಾತ್ರ "ತಾಳಮ್ಮ" ಎನ್ನುವವರು ಯಾರೂ ಇಲ್ಲ. ಅತ್ತೆಯವರೊಬ್ಬರು ಅಂದಿದ್ದರು, ನಾನು ಕೇಳಲಿಲ್ಲ.

ಆ ಚಳಿಗಾಲದಲ್ಲಿ ಬಡಗಿಯನ್ನು ಕರೆಸಿ, ಉಳಿದಿದ್ದ ಒಂದು ಜೊತೆಯನ್ನು ಅತ್ತೆಯವರ ಕೋಣೆಗೆ ಮತ್ತೆ ಕೂಡಿಸಿದೆವು. ಇನ್ನೊಂದು ಕೋಣೆಗೆ ಹೊಸದಾಗಿ ಮಾಡಿಸಲು ಅವನು ಹೇಳಿದ ಬೆಲೆ ಗಾಜಿಗೆ ಕೊಟ್ಟದ್ದರ ಮೂರು ಪಟ್ಟು! ಅಲ್ಲಿಗೆ ಹೊರಗಡೆ ಬಿದಿರಿನ ಚಿಕ್ಕು ತೂಗುಹಾಕಿ, ಮಹಡಿಗೆ ಸುಣ್ಣ ಬಳಿಸಿದೆವು. ಎಪ್ಪತ್ತೈದು ವ್ಯಾಟಿನ ಹಳೆಯ ಫ್ಯಾನುಗಳ ಬದಲು ಮೂವತ್ತರ ಆಸುಪಾಸಿನವು ಬಂದವು. ಏಸಿ ಬಿಟ್ಟಿದ್ದೇವೆ ಎಂದು ಸುಳ್ಳು ಹೇಳಲಾರೆ. ರಾತ್ರಿಯೆಲ್ಲ ಓಡುತ್ತಿದ್ದದ್ದು ಈಗ ಎರಡು ಗಂಟೆ ಓಡಿದರೆ ಸಾಕು.

ಅತ್ತೆಯವರು ಅದರ ಮುಂದೆ ಎರಡು ಬೇಸಿಗೆ ಕಂಡರು. ಸಂಜೆ ನಾಲ್ಕಕ್ಕೆ ತಾವೇ ಎದ್ದು ಕೋಲೆಳೆದು ಪಟ್ಟಿ ತೆರೆಯುತ್ತಿದ್ದರು. ಈಗ ಆ ಕೆಲಸ ನನ್ನದು.

ನಿಮ್ಮ ಮನೆ ಮೈಸೂರಿನಲ್ಲಿರಲಿ, ಮಂಗಳೂರಿನಲ್ಲಿರಲಿ, ಹಳೆಯ ಕಿಟಕಿ ಕೀಳಿಸುವ ಮೊದಲು ದಯವಿಟ್ಟು ಫ್ಯಾನು ಏಸಿ ಎಲ್ಲ ಆರಿಸಿ, ಅದರ ಬಳಿ ಒಂದು ಮಧ್ಯಾಹ್ನ ಕುಳಿತು ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಒಂದು ಮಾತು ಕೇಳಿ.